ಬೇಸಿಗೆ ರಜೆಯ ಕಿರು ವಿಜ್ಞಾನ ಸಂಶೋಧನೆ: ವಿಷಯವನ್ನು ಆರಿಸಿಕೊಳ್ಳುವ ಬಗೆ

(ಜಿಲ್ಲೆಯ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳಿಗೂ ಮಾರ್ಗದರ್ಶಿ ಶಿಕ್ಷಕರಿಗೂ ನೀಡಿದ ಉಪನ್ಯಾಸದ ಪಠ್ಯ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ವಿದ್ಯಾರ್ಥಿಗಳಿಗೆ ಓದಲು ದೊರೆಯುವಂತೆ ಇರಿಸುವುದು.)



ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಶಾಲೆಗಳಿಗೆ ರಜೆ. ಈ ಆರೇಳು ವಾರಗಳಲ್ಲಿ ಒಂದು ಕಿರು ಸಂಶೋಧನೆಯನ್ನು ಮಾಡಿ ಮುಗಿಸಬೇಕೆಂದು ಹೊರಡುವ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಪ್ರಯೋಗದ್ದಲ್ಲ, ಉಪಕರಣದ್ದೂ ಅಲ್ಲ. ಅದು ವಿಷಯದ ಆಯ್ಕೆಯ ತೊಡಕು. "ಯಾವ ವಿಷಯ ತೆಗೆದುಕೊಳ್ಳಲಿ?" ಎಂದು ಕೇಳಿದವರ ಕೈಗೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ. ಜಾಗತಿಕ ತಾಪಮಾನ, ಪ್ಲಾಸ್ಟಿಕ್ ಮಾಲಿನ್ಯ, ಸೌರಶಕ್ತಿ, ಮಳೆನೀರು ಕೊಯ್ಲು. ಇವು ಒಳ್ಳೆಯ ವಿಷಯಗಳೇ, ಆದರೆ ಪ್ರಬಂಧ ಸ್ಪರ್ಧೆಗೆ. ಸಂಶೋಧನೆಗೆ ಬೇಕಾದುದು ಶೀರ್ಷಿಕೆಯಲ್ಲ, ಪ್ರಶ್ನೆ. ಅದೂ ಎಂತಹ ಪ್ರಶ್ನೆ? ಕೇಳುವವನಿಗೆ ಉತ್ತರ ಮೊದಲೇ ತಿಳಿದಿರಬಾರದು. ಪುಸ್ತಕ ತೆರೆದರೆ ಅಥವಾ ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿಬಿಡಬಾರದು. ಆದರೆ ಎಣಿಸಿ, ಅಳೆದು, ತೂಗಿ ನೋಡಿದರೆ ರಜೆ ಮುಗಿಯುವುದರೊಳಗೆ ಸಿಗುವಂತಿರಬೇಕು.

ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲಿನ ಜ್ವಾಲಾಮುಖಿಯೂ ಗಾಳಿಯಂತ್ರವೂ ಸಿದ್ಧವಾಗಿಯೇ ಮಾರಾಟಕ್ಕಿರುತ್ತವೆ. ಅಡುಗೆ ಸೋಡಕ್ಕೆ ವಿನೆಗರ್ ಸುರಿದರೆ ನೊರೆಯುಕ್ಕುವುದನ್ನು ನೋಡಿ ಚಿಕ್ಕ ಮಕ್ಕಳು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಹೊಸದಾಗಿ ಏನೂ ತಿಳಿದುಬರುವುದಿಲ್ಲ. ನೊರೆ ಬಂದೇ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಾದರಿಯೆಂದರೆ ತಿಳಿದುದನ್ನು ತೋರಿಸುವ ವಸ್ತು. ಸಂಶೋಧನೆಯೆಂದರೆ ತಿಳಿಯದುದನ್ನು ಕೇಳುವ ಕೆಲಸ. ಈ ಎರಡನ್ನೂ ಒಂದೆಂದು ಭಾವಿಸಿದುದರಿಂದ ಎಷ್ಟೋ ಬೇಸಿಗೆಗಳು ಬಣ್ಣ ಬಳಿಯುವುದರಲ್ಲಿಯೇ ಕಳೆದುಹೋಗಿವೆ.

ಪ್ರಶ್ನೆಗೆ ಪ್ರಯೋಗಾಲಯ ಬೇಕು, ಹಳ್ಳಿಯ ಶಾಲೆಯಲ್ಲಿ ಅದೆಲ್ಲಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. 1921ರಲ್ಲಿ ಸಿ. ವಿ. ರಾಮನ್ ಅವರು ಇಂಗ್ಲೆಂಡಿನಿಂದ ನಾರ್ಕುಂಡ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿದ್ದರು. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ರ‍್ಯಾಲೆಯವರಂತಹ ಹಿರಿಯ ವಿಜ್ಞಾನಿ ಹೇಳಿದ್ದ ಕಾಲವದು. ರಾಮನ್ ಅವರ ಬಳಿ ಇದ್ದುದು ಒಂದು ಚಿಕ್ಕ ನಿಕೋಲ್ ಪ್ರಿಸಂ. ತಕ್ಕ ಕೋನದಲ್ಲಿ ಹಿಡಿದು ನೋಡಿದರೆ ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದುಬಿಡುತ್ತದೆ. ಸಮುದ್ರದ ನೀಲಿ ಕೇವಲ ಪ್ರತಿಬಿಂಬವಾಗಿದ್ದರೆ ಆಗ ಮಾಯವಾಗಬೇಕಿತ್ತು. ಮಾಯವಾಗಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತದೆ ಎಂಬ ದಾರಿ ಅಲ್ಲಿ ತೆರೆದುಕೊಂಡಿತು. ಆ ದಾರಿಯಲ್ಲಿಯೇ ನಡೆದು ಏಳು ವರ್ಷಗಳ ಬಳಿಕ, 1928ರ ಫೆಬ್ರುವರಿ 28ರಂದು, ಅವರ ಹೆಸರಿನ ಪರಿಣಾಮ ಕಂಡುಬಂದಿತು. ಈ ಪ್ರಸಂಗದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದುದು ನೊಬೆಲ್ ಪ್ರಶಸ್ತಿಯನ್ನಲ್ಲ, ಪ್ರಶ್ನೆಯ ಅಳತೆಯನ್ನು. "ಸಮುದ್ರದ ರಹಸ್ಯವೇನು?" ಎಂದು ಅವರು ಕೇಳಲಿಲ್ಲ. ಪ್ರತಿಫಲನವನ್ನು ತಡೆದರೆ ನೀಲಿ ಉಳಿಯುತ್ತದೆಯೇ, ಇಲ್ಲವೇ ಎಂದು ಕೇಳಿದರು. ಹೌದು ಅಥವಾ ಇಲ್ಲ ಎಂದು ಕಣ್ಣೇ ಹೇಳಬಹುದಾದ ಪ್ರಶ್ನೆ ಅದು.

ದೊಡ್ಡ ವಿಷಯವನ್ನು ಇಷ್ಟು ಸಣ್ಣ ಪ್ರಶ್ನೆಗೆ ಇಳಿಸುವ ಬಗೆಯನ್ನು ಒಂದೇ ಉದಾಹರಣೆಯಲ್ಲಿ ನಿಧಾನವಾಗಿ ನೋಡುವುದು ಒಳ್ಳೆಯದು. ಕೆರೆಯ ಉದಾಹರಣೆ ಬೇಸಿಗೆಗೂ ನಮ್ಮ ಊರುಗಳಿಗೂ ಹೊಂದುತ್ತದೆ.

ಮಾಘ ಮಾಸದಲ್ಲಿ ತುಂಬಿದ್ದ ಕೆರೆ ವೈಶಾಖದ ಹೊತ್ತಿಗೆ ತಳ ಕಾಣುತ್ತದೆ. ನೀರು ಎಲ್ಲಿಗೆ ಹೋಯಿತು? ಊರಿನಲ್ಲಿ ಕೇಳಿದರೆ ನಾಲ್ಕು ಉತ್ತರ ಬರುತ್ತವೆ: ಪಂಪು ಹಚ್ಚಿದವರು ಎಳೆದರು, ತೂಬು ಸೋರುತ್ತದೆ, ನೆಲ ಕುಡಿಯಿತು, ಬಿಸಿಲು ಕುಡಿಯಿತು. ನಾಲ್ಕೂ ನಿಜವಿರಬಹುದು. "ನಮ್ಮೂರ ಕೆರೆ ಏಕೆ ಬತ್ತುತ್ತದೆ?" ಎಂಬ ಶೀರ್ಷಿಕೆಯನ್ನು ಬರೆದುಕೊಂಡು ಹೊರಟ ವಿದ್ಯಾರ್ಥಿಯು ಆರು ವಾರಗಳಲ್ಲಿ ನಾಲ್ಕನ್ನೂ ಅಳೆಯಲಾರನು, ಕೊನೆಗೆ ಕೇಳಿದ್ದನ್ನೇ ಬರೆದು ಒಪ್ಪಿಸುತ್ತಾನೆ. ನಾಲ್ಕರಲ್ಲಿ ಒಂದನ್ನು ಹಿಡಿಯಬೇಕು. ಬಿಸಿಲು ಕುಡಿಯುವ ನೀರು ಎಷ್ಟು? ಇದೂ ಇನ್ನೂ ದೊಡ್ಡದೇ. ಶಾಲೆಯ ಅಂಗಳದಲ್ಲಿಟ್ಟ ಒಂದು ಬೋಗುಣಿಯಿಂದ ಏಪ್ರಿಲ್ 15ರಿಂದ ಮೇ 20ರವರೆಗೆ ದಿನಕ್ಕೆ ಎಷ್ಟು ಮಿಲಿಮೀಟರ್ ನೀರು ಆವಿಯಾಗುತ್ತದೆ, ಮೇಲೆ ನೆರಳು ಕಟ್ಟಿದರೆ ಅದು ಎಷ್ಟು ಕಡಿಮೆಯಾಗುತ್ತದೆ? ಈಗ ಪ್ರಶ್ನೆ ಕೈಗೆ ಸಿಕ್ಕಿತು. ಸ್ಥಳ ಗೊತ್ತು, ದಿನ ಗೊತ್ತು, ಏನನ್ನು ಅಳೆಯಬೇಕೆಂಬುದೂ ಗೊತ್ತು.

ಸ್ಕೇಲನ್ನು ನೀರಿನಲ್ಲಿ ನಿಲ್ಲಿಸಿ ಮಿಲಿಮೀಟರ್ ಓದಲು ಹೊರಟರೆ ಕಷ್ಟ. ನೀರು ಸ್ಕೇಲಿನ ಅಂಚಿಗೆ ಏರಿ ಅಂಟಿಕೊಳ್ಳುತ್ತದೆ, ಕಣ್ಣಿನ ಎತ್ತರ ಬದಲಾದರೆ ಓದು ಬದಲಾಗುತ್ತದೆ. ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಸುಮಾರು 1.2 ಮೀಟರ್ ವ್ಯಾಸದ ತೊಟ್ಟಿಯಲ್ಲಿ ಆವಿಯನ್ನು ಅಳೆಯುವಾಗ ಬೇರೊಂದು ಉಪಾಯವಿದೆ: ನೀರಿನೊಳಗೆ ಮೇಲ್ಮುಖವಾಗಿ ನಿಂತ ಒಂದು ಮೊನೆ, ಪ್ರತಿದಿನ ಆ ಮೊನೆಯ ಮಟ್ಟಕ್ಕೆ ಬರುವಷ್ಟು ನೀರನ್ನು ಅಳೆದು ಸುರಿಯುವುದು. ವಿದ್ಯಾರ್ಥಿಗೂ ಇದು ಸಾಧ್ಯ. ಸಿಮೆಂಟಿನ ಸಣ್ಣ ಉಂಡೆಯಲ್ಲಿ ಒಂದು ಮೊಳೆಯನ್ನು ತುದಿ ಮೇಲಾಗಿ ನಿಲ್ಲಿಸಿ, ಒಣಗಿದ ಮೇಲೆ ಬೋಗುಣಿಯ ತಳದಲ್ಲಿ ಇಟ್ಟರಾಯಿತು. ದಿನವೂ ಬೆಳಿಗ್ಗೆ 7 ಗಂಟೆಗೆ, ಮೊಳೆಯ ತುದಿ ನೀರಿನ ಮೇಲ್ಮೈಯನ್ನು ಮುಟ್ಟಿಯೂ ಮುಟ್ಟದಂತೆ ಆಗುವವರೆಗೆ ಅಳತೆ ಜಾಡಿಯಿಂದ ನೀರು ಸೇರಿಸಬೇಕು. 30 ಸೆಂಟಿಮೀಟರ್ ವ್ಯಾಸವುಳ್ಳ, ನೇರ ಗೋಡೆಯ ಬೋಗುಣಿಯ ಬಾಯಿಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರ್ ಇಳಿದರೆ ಸುಮಾರು 71 ಮಿಲಿಲೀಟರ್ ನೀರು ಹೋಗಿದೆ ಎಂದರ್ಥ. 500 ಮಿಲಿಲೀಟರ್ ಸುರಿದ ದಿನ ಆವಿಯಾದುದು ಏಳು ಮಿಲಿಮೀಟರ್. ಸ್ಕೇಲಿನಲ್ಲಿ ಒಂದು ಮಿಲಿಮೀಟರನ್ನು ಓದಲು ಒದ್ದಾಡುತ್ತಿದ್ದ ಕಣ್ಣು, ಈಗ ಅದರ ಹತ್ತನೆಯ ಒಂದು ಭಾಗವನ್ನೂ ನೆಮ್ಮದಿಯಿಂದ ಓದುತ್ತದೆ. ಖರ್ಚು ಒಂದು ಮೊಳೆಯದು.

ಇಲ್ಲಿ ಬೋಗುಣಿ ಒಂದಲ್ಲ, ಎರಡಿರಬೇಕು. ಮೊದಲ ಐದು ದಿನ ಎರಡನ್ನೂ ಒಂದೇ ಬಿಸಿಲಿನಲ್ಲಿ, ಅಕ್ಕಪಕ್ಕದಲ್ಲಿ, ಯಾವ ವ್ಯತ್ಯಾಸವನ್ನೂ ಮಾಡದೆ ಇಡಬೇಕು. ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ವ್ಯರ್ಥ ಕಾಲಹರಣವೆಂದು ತೋರುತ್ತದೆ. ಆದರೆ ಇಡೀ ಪ್ರಯೋಗದ ಜೀವ ಇರುವುದು ಈ ಐದು ದಿನಗಳಲ್ಲಿ. ಒಂದೇ ಬಗೆಯ ಎರಡು ಬೋಗುಣಿಗಳು ಕೂಡ ಒಂದೇ ಲೆಕ್ಕವನ್ನು ಕೊಡುವುದಿಲ್ಲ. ಒಂದಕ್ಕೆ ಗಾಳಿ ಸ್ವಲ್ಪ ಹೆಚ್ಚು ತಾಗಿರುತ್ತದೆ, ಇನ್ನೊಂದರಲ್ಲಿ ಕಾಗೆ ಮಿಂದು ಹೋಗಿರುತ್ತದೆ. ಅವೆರಡರ ನಡುವೆ ದಿನಕ್ಕೆ 0.3 ಮಿಲಿಮೀಟರ್ ವ್ಯತ್ಯಾಸ ಬರುತ್ತಿದ್ದರೆ, ಆಮೇಲೆ ಒಂದರ ಮೇಲೆ ತೆಂಗಿನ ಗರಿಯ ನೆರಳು ಕಟ್ಟಿದಾಗ ಕಾಣುವ 0.2 ಮಿಲಿಮೀಟರ್ ಉಳಿತಾಯಕ್ಕೆ ಅರ್ಥವೇ ಇಲ್ಲ. ಎರಡು ಮಿಲಿಮೀಟರ್ ಉಳಿದರೆ ಅರ್ಥವಿದೆ. ಕಾಗೆಯ ಕಾಟಕ್ಕೆ ಎರಡರ ಮೇಲೂ ಒಂದೇ ಬಗೆಯ ತಂತಿಬಲೆ ಹಾಸಬಹುದು. ಬಲೆಯೂ ಆವಿಯನ್ನು ಸ್ವಲ್ಪ ತಗ್ಗಿಸುತ್ತದೆ, ಆದುದರಿಂದ ಒಂದಕ್ಕೆ ಹಾಸಿ ಇನ್ನೊಂದಕ್ಕೆ ಬಿಡುವಂತಿಲ್ಲ.

ಮೇ ತಿಂಗಳಲ್ಲಿ ಗುಡುಗು ಮಳೆ ಬರುವುದು ಖಂಡಿತ. ಅದಕ್ಕೆ ಹೆದರಿ ಬೋಗುಣಿಯನ್ನು ಒಳಗೆ ಎತ್ತಿಡಬೇಕಾಗಿಲ್ಲ. ಪಕ್ಕದಲ್ಲಿ ನೇರ ಗೋಡೆಯ ಒಂದು ಡಬ್ಬಿಯನ್ನಿಟ್ಟು ಮಳೆಯನ್ನು ಅಳೆದು, ಆ ದಿನ ಸುರಿದ ಅಥವಾ ಮೊಗೆದು ತೆಗೆದ ನೀರಿನೊಡನೆ ಲೆಕ್ಕ ಹಾಕಿದರೆ ಆಯಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ವಿದ್ಯಾರ್ಥಿಯ ಡಬ್ಬಿಯ ಲೆಕ್ಕವನ್ನು ಆ ಮಾಪಕದ ಲೆಕ್ಕದೊಡನೆ ಹೋಲಿಸಬಹುದು. ಒಂದೇ ಪಂಚಾಯಿತಿಯ ಎರಡು ಹಳ್ಳಿಗಳಲ್ಲಿ ಒಂದೇ ಸಂಜೆಯ ಮಳೆ ಬೇರೆ ಬೇರೆಯಾಗಿದ್ದರೆ ಅದು ತಪ್ಪಲ್ಲ; ಬೇಸಿಗೆಯ ಮಳೆಯ ಗುಣವೇ ಅದು.

ಇನ್ನು ಈ ಲೆಕ್ಕದಿಂದ ಊರಿಗೇನು ಎಂಬ ಪ್ರಶ್ನೆ. ಬೋಗುಣಿಯು ಕೆರೆಗಿಂತ ಬೇಗ ಕಾಯುತ್ತದೆ, ಹಾಗಾಗಿ ಹೆಚ್ಚು ಆವಿಯನ್ನು ತೋರಿಸುತ್ತದೆ. ವೀಕ್ಷಣಾಲಯದ ತೊಟ್ಟಿಯ ಅಳತೆಯನ್ನು ಕೆರೆ ಅಥವಾ ಜಲಾಶಯಕ್ಕೆ ಅನ್ವಯಿಸುವಾಗ 0.7ರಿಂದ ಗುಣಿಸುವುದು ರೂಢಿ. ಶಾಲೆಯ ಚಿಕ್ಕ ಬೋಗುಣಿಗೆ ಈ ಗುಣಕ ಇನ್ನೂ ಕಡಿಮೆಯಿರಬಹುದು; ಸದ್ಯಕ್ಕೆ ಅದನ್ನೇ ಹಿಡಿಯೋಣ. ಬೋಗುಣಿಯಲ್ಲಿ ದಿನಕ್ಕೆ 8 ಮಿಲಿಮೀಟರ್ ಕಂಡರೆ ಕೆರೆಯಿಂದ 5.6 ಮಿಲಿಮೀಟರ್. ಒಂದು ಹೆಕ್ಟೇರ್ ನೀರಿನಿಂದ ಒಂದು ಮಿಲಿಮೀಟರ್ ಆವಿಯಾದರೆ ಹತ್ತು ಸಾವಿರ ಲೀಟರ್. ಹತ್ತು ಹೆಕ್ಟೇರ್ ಹರಡಿದ ಕೆರೆಯಿಂದ ಹೀಗೆ ಒಂದು ದಿನಕ್ಕೆ ಹೋಗುವುದು 5 ಲಕ್ಷ 60 ಸಾವಿರ ಲೀಟರ್. ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಮನೆಗಳಿಗೆ ನಿಗದಿಪಡಿಸಿರುವ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಭಾಗಿಸಿದರೆ ಹತ್ತು ಸಾವಿರಕ್ಕೂ ಮಿಕ್ಕ ಜನರ ಒಂದು ದಿನದ ನೀರು ಆಕಾಶಕ್ಕೆ ಏರಿದಂತಾಯಿತು. 40 ಹೆಕ್ಟೇರ್ ವರೆಗಿನ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆಯಲ್ಲಿವೆ. ಬೇಸಿಗೆಯಲ್ಲಿ ದನಕರುಗಳಿಗಾಗಿ ಎಷ್ಟು ನೀರನ್ನು ಉಳಿಸಬೇಕು, ಪಂಪುಗಳನ್ನು ಯಾವಾಗ ನಿಲ್ಲಿಸಬೇಕು, ಹೂಳೆತ್ತುವಾಗ ಕೆರೆಯನ್ನು ಅಗಲಿಸಬೇಕೇ ಆಳಗೊಳಿಸಬೇಕೇ ಎಂಬ ಚರ್ಚೆಗಳಲ್ಲಿ ಇಂತಹ ಒಂದು ಸಂಖ್ಯೆ ಊರಿನವರ ಬಳಿ ಇರುವುದು ಅಪರೂಪ. ಅದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊಳೆ ಮತ್ತು ಬೋಗುಣಿಯಿಂದ ತರಬಲ್ಲಳು. ನೀರಿನ ಹರಹು ಕಡಿಮೆಯಾದಷ್ಟೂ ಆವಿ ಕಡಿಮೆ. ಅಷ್ಟೇ ನೀರು ಆಳದಲ್ಲಿದ್ದರೆ ಹೆಚ್ಚು ದಿನ ಉಳಿಯುತ್ತದೆ ಎಂಬುದನ್ನು ಅವಳ ಪಟ್ಟಿಯೇ ಹೇಳುತ್ತದೆ.

ಅಳತೆಯ ವಿಚಾರ ಬಂದಾಗ ಅನ್ನಾ ಮಣಿ ಅವರನ್ನು ನೆನೆಯಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಜನಿಸಿದ ಅವರು 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಅವರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಅಧ್ಯಯನ ಮಾಡಿದರು. ಒಂದೊಂದು ಫೋಟೋ ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕು ಬೀಳಿಸಿ ಕಾಯಬೇಕಾಗಿದ್ದ ಕೆಲಸವದು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಆ ಬಳಿಕ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಮರಳಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ಪುಣೆಯಲ್ಲಿ, ಅದುವರೆಗೆ ಹೊರದೇಶದಿಂದ ಬರುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸಿ, ಒಂದೊಂದನ್ನೂ ಪ್ರಮಾಣದೊಡನೆ ಸರಿತೂಗಿಸಿ ನೋಡುವ ಕೆಲಸದಲ್ಲಿ ಅವರು ಮುಂದಾಳಾಗಿದ್ದರು. ದೇಶದ ಬಿಸಿಲಿನ ಲೆಕ್ಕ, ಗಾಳಿಯ ಲೆಕ್ಕ ಇಂದು ನಂಬುವಂತಿದ್ದರೆ ಅದರ ಹಿಂದೆ ಅವರ ಕಟ್ಟುನಿಟ್ಟಿದೆ. ಶಾಲೆಯ ಥರ್ಮಾಮೀಟರ್ ಎರಡಿದ್ದರೆ ಒಂದೇ ಲೋಟದ ನೀರಿನಲ್ಲಿ ಅದ್ದಿ ಮೊದಲು ಎರಡೂ ಒಂದೇ ಅಂಕಿಯನ್ನು ತೋರಿಸುತ್ತವೆಯೇ ಎಂದು ನೋಡಿಕೊಳ್ಳುವುದು ಅದೇ ಪರಂಪರೆಯ ಒಂದು ಚಿಕ್ಕ ಹೆಜ್ಜೆ.

ಕುಡಿಯುವ ನೀರಿನ ವಿಷಯವನ್ನು ಆರಿಸಿಕೊಳ್ಳುವವರು ಹಲವರು. ಇಲ್ಲಿ ಎಚ್ಚರ ಹೆಚ್ಚು ಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮುಂತಾದೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ತಿಳಿದ ಸಂಗತಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ವರೆಗೆ ಒಪ್ಪತಕ್ಕದ್ದು. ಬೇರೆ ನೀರಿನ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ ಮಿತಿ. ಗ್ರಾಮ ಪಂಚಾಯಿತಿಗಳಿಗೆ ಒದಗಿಸಲಾಗಿರುವ ಕ್ಷೇತ್ರ ಪರೀಕ್ಷಾ ಕಿಟ್‌ಗಳಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಇವುಗಳನ್ನು ಬಣ್ಣದ ಹೋಲಿಕೆಯಿಂದಲೂ ಹನಿಗಳ ಎಣಿಕೆಯಿಂದಲೂ ಅಂದಾಜಿಸಬಹುದು. "ನಮ್ಮೂರ ನೀರು ಕುಡಿಯಲು ಯೋಗ್ಯವೇ?" ಎಂಬ ಪ್ರಶ್ನೆ ವಿದ್ಯಾರ್ಥಿಯದಲ್ಲ, ಅದಕ್ಕೆ ಜಿಲ್ಲಾ ಪ್ರಯೋಗಾಲಯವಿದೆ, ಹೊಣೆಗಾರರಾದ ಅಧಿಕಾರಿಗಳಿದ್ದಾರೆ. ವಿದ್ಯಾರ್ಥಿಯ ಪ್ರಶ್ನೆ ಹೀಗಿರಬಹುದು: ಊರಿನ ನಾಲ್ಕು ಕೊಳವೆಬಾವಿಗಳ ಅಂಕಿ ಏಪ್ರಿಲ್ ಆರಂಭಕ್ಕೂ ಮೇ ಕೊನೆಗೂ ಬದಲಾಗುತ್ತದೆಯೇ? ಪ್ರತಿ ವಾರ, ಪ್ರತಿ ಬಾವಿಗೆ ಮೂರು ಸಲ ಪರೀಕ್ಷೆ. ಬಣ್ಣವನ್ನು ಇಬ್ಬರು ಪ್ರತ್ಯೇಕವಾಗಿ ನೋಡಿ, ಒಬ್ಬರು ಇನ್ನೊಬ್ಬರಿಗೆ ಹೇಳದೆ ಬರೆದಿಡಬೇಕು. ಇಬ್ಬರ ಕಣ್ಣಿಗೆ ಒಂದೇ ಬಣ್ಣ ಎರಡು ಅಂಕಿಯಾಗಿ ಕಂಡರೆ, ಆ ಅಂತರವೇ ಕಿಟ್ಟಿನ ನಂಬಿಕೆಯ ಮಿತಿ.

ಮಿತಿಗಿಂತ ಹೆಚ್ಚಿನ ಅಂಕಿ ಕಂಡರೆ ವಾಟ್ಸಾಪಿನಲ್ಲಿ ಹಂಚುವುದು ಸಂಶೋಧನೆಯಲ್ಲ. ಅದೇ ನೀರಿನ ಮಾದರಿಯನ್ನು ಶುದ್ಧ ಬಾಟಲಿಯಲ್ಲಿ ತೆಗೆದು, ದಿನಾಂಕ ಬರೆದು, ಶಿಕ್ಷಕರ ಮೂಲಕ ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ತಿಳಿಸಿ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು. ಕುದಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ತಿದ್ದಬೇಕು: ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನವರ ಹಲ್ಲು, ಮೂಳೆಗಳನ್ನು ನೋಡಿ ಹೆಸರು ಬರೆದುಕೊಳ್ಳುವ ಸಮೀಕ್ಷೆಗೆ ಯಾವ ವಿದ್ಯಾರ್ಥಿಯೂ ಇಳಿಯಕೂಡದು. ಅದು ವೈದ್ಯರ ಕೆಲಸ.

ಬೀಜಗಳ ಮೊಳಕೆ ಪರೀಕ್ಷೆ ಇದಕ್ಕಿಂತ ಸರಳ. ಮುಂಗಾರಿಗೆ ಮೊದಲು ಎಲ್ಲ ರೈತರ ಮನೆಯಲ್ಲಿಯೂ ಇರುವ ಪ್ರಶ್ನೆ ಅದು: ಮನೆಯಲ್ಲಿ ಕಾಪಿಟ್ಟ ರಾಗಿ ಅಥವಾ ಶೇಂಗಾ ಈ ವರ್ಷ ಎಷ್ಟು ಮೊಳೆಯುತ್ತದೆ? ಪ್ರಮಾಣಿತ ಬೀಜಕ್ಕೆ ರಾಗಿಯಲ್ಲಿ ಕನಿಷ್ಠ ಶೇಕಡಾ 75, ಶೇಂಗಾದಲ್ಲಿ ಶೇಕಡಾ 70 ಮೊಳಕೆ ಇರಬೇಕೆಂಬ ನಿಯಮವಿದೆ. ಬೇವಿನ ಸೊಪ್ಪು ಬೆರೆಸಿ ಇಟ್ಟ ಬೀಜಕ್ಕೂ ಬರಿಯ ಚೀಲದಲ್ಲಿಟ್ಟ ಬೀಜಕ್ಕೂ, ಕೆಮ್ಮಣ್ಣು ಕಟ್ಟಿದ ತೊಗರಿಗೂ ಕಟ್ಟದ ತೊಗರಿಗೂ ವ್ಯತ್ಯಾಸವಿದೆಯೇ ಎಂಬುದು ಹಿರಿಯರ ಅನುಭವವನ್ನು ಗೌರವದಿಂದ ಪರೀಕ್ಷಿಸುವ ಪ್ರಶ್ನೆ. ತಪ್ಪಾಗುವುದು ಎಣಿಕೆಯಲ್ಲಿ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದರಲ್ಲಿ ಏಳು ಇನ್ನೊಂದರಲ್ಲಿ ಎಂಟು ಮೊಳೆತವೆಂದು ತೀರ್ಪು ಕೊಡುವುದು ನಾಣ್ಯ ಚಿಮ್ಮಿದಂತೆ. ನೂರು ಬೀಜಗಳನ್ನು ಎಣಿಸಿದಾಗಲೂ ನಾಲ್ಕೈದು ಬೀಜಗಳ ಏರಿಳಿತ ಬರಿಯ ಆಕಸ್ಮಿಕದಿಂದ ಬರುತ್ತದೆ. ಆದುದರಿಂದ ನೂರು ನೂರರ ನಾಲ್ಕು ಕಟ್ಟುಗಳು. ಚೀಲದ ಮೇಲಿನಿಂದಷ್ಟೇ ಅಲ್ಲ, ನಡುವಿನಿಂದಲೂ ತಳದಿಂದಲೂ ತೆಗೆದ ಬೀಜಗಳು.

ಆಕಾಶವನ್ನು ಇಷ್ಟಪಡುವ ವಿದ್ಯಾರ್ಥಿಗೆ ಈ ರಜೆಯಲ್ಲಿಯೇ ಒಂದು ಒಳ್ಳೆಯ ಅವಕಾಶವಿದೆ. ಏಪ್ರಿಲ್ ಉತ್ತರಾರ್ಧದಿಂದ ಮೇ ತಿಂಗಳ ನಡುವಿನವರೆಗೆ ರಾಜ್ಯದ ಒಂದೊಂದು ಊರಿನಲ್ಲಿ ಒಂದೊಂದು ದಿನ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ. ಕಲಬುರಗಿಯಲ್ಲಿ ಮೇ ಎರಡನೆಯ ವಾರ. ಆದರೆ ಆ ಒಂದೇ ದಿನವನ್ನು ನೆಚ್ಚಿಕೊಂಡ ಪ್ರಾಜೆಕ್ಟು ಅಪಾಯದ ಪ್ರಾಜೆಕ್ಟು. ಅಂದು ಮೋಡ ಕವಿದರೆ ಬೇಸಿಗೆಯೇ ಮುಗಿಯಿತು. ಮೂರು ವಾರ ಮೊದಲಿನಿಂದ ಪ್ರತಿದಿನ ನಡುಹಗಲಿನ ಅತ್ಯಂತ ಗಿಡ್ಡ ನೆರಳನ್ನು ಅಳೆಯುತ್ತ ಬಂದರೆ, ನೆರಳಿಲ್ಲದ ದಿನ ಯಾವುದೆಂದು ಗ್ರಾಫೇ ಹೇಳುತ್ತದೆ, ಮೋಡವಿದ್ದರೂ ನಷ್ಟವಿಲ್ಲ. ಬೇರೆ ಜಿಲ್ಲೆಯ ಶಾಲೆಯೊಂದರ ಜತೆಗೂಡಿದರೆ ಇನ್ನೂ ಚೆನ್ನ. ಬೆಂಗಳೂರಿನಲ್ಲಿ ನೆರಳಿಲ್ಲದ ದಿನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿಗೆ ಉತ್ತರದ ಕಡೆಗೆ ಸುಮಾರು ಏಳೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಆ ನೆರಳು ಮತ್ತು ಎರಡು ಊರುಗಳ ಉತ್ತರ ದಕ್ಷಿಣ ಅಂತರ ತಿಳಿದರೆ ಭೂಮಿಯ ಸುತ್ತಳತೆಯ ಲೆಕ್ಕ ಸಿಗುತ್ತದೆ. ಸಾವಿರಾರು ವರ್ಷಗಳ ಹಿಂದೆ ಎರಟೋಸ್ತನೀಸ್ ಮಾಡಿದ ಲೆಕ್ಕವದು. ಸೂರ್ಯ ಒಂದು ಚುಕ್ಕೆಯಲ್ಲವಾದುದರಿಂದ ಒಂದು ಮೀಟರ್ ಎತ್ತರದ ಕೋಲಿನ ನೆರಳಿನ ತುದಿ ಸುಮಾರು 9 ಮಿಲಿಮೀಟರ್ ಮಸುಕಾಗಿರುತ್ತದೆ. ಮಸುಕಿನ ಯಾವ ಭಾಗವನ್ನು ತುದಿಯೆಂದು ಹಿಡಿಯಬೇಕೆಂಬುದನ್ನು ಎರಡೂ ಶಾಲೆಗಳು ಮೊದಲೇ ಮಾತಾಡಿಕೊಳ್ಳಬೇಕು. ಸೂರ್ಯನನ್ನು ನೇರವಾಗಿ ನೋಡಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪದವಿ ತರಗತಿಗಳಿಗೆ ಹೋಗಲಿರುವವರಿಗೆ ಮುಂದೆ ಬೇರೆ ಬಾಗಿಲುಗಳೂ ಇವೆ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇತರ ಎರಡು ಅಕಾಡೆಮಿಗಳೊಡನೆ ಸೇರಿ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿಯನ್ನು ನೀಡುತ್ತ ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಅಂತಹ ವ್ಯವಸ್ಥೆಯಿದೆ. ಎರಡೂ ಸುಮಾರು ಎರಡು ತಿಂಗಳ ಅವಧಿಯವು. ಅರ್ಜಿಯ ಕಾಲ ಬೇಸಿಗೆಗೆ ಬಹಳ ಮೊದಲೇ ಕಳೆದುಹೋಗುತ್ತದೆ. ಗ್ರಾಮೀಣ ಕಾಲೇಜುಗಳ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ. ಅಂತಹ ಕಡೆ ವಿಷಯವನ್ನು ಮಾರ್ಗದರ್ಶಕ ವಿಜ್ಞಾನಿಯೇ ಕೊಡುತ್ತಾರೆ. ಆದರೆ ಅರ್ಜಿಯಲ್ಲಿ "ವಿಜ್ಞಾನದಲ್ಲಿ ಅಪಾರ ಆಸಕ್ತಿ" ಎಂದು ಬರೆದವರಿಗಿಂತ, ಒಂದು ಬೇಸಿಗೆಯಲ್ಲಿ ಮೂವತ್ತಾರು ದಿನ ಬೋಗುಣಿಗೆ ನೀರು ಸುರಿದು ಕಂಡುಕೊಂಡುದನ್ನು ಬರೆದವರ ಮಾತಿಗೆ ತೂಕ ಹೆಚ್ಚು. ಹದಿನೇಳರೊಳಗಿನವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಡುವ ಮಕ್ಕಳ ವಿಜ್ಞಾನ ಸಮಾವೇಶವಿದೆ. ಅಲ್ಲಿಯೂ ತಮ್ಮ ಊರಿನ ಸಮಸ್ಯೆಯನ್ನು ತಾವೇ ಅಳೆದುನೋಡಿದ ಮಕ್ಕಳಿಗೆ ಆದ್ಯತೆ.

ಮಾರ್ಗದರ್ಶಿ ಶಿಕ್ಷಕರು ಒಂದು ವಿಷಯದಲ್ಲಿ ಬಿಗಿಯಾಗಿರಬೇಕು. ಅಳತೆಯ ಪುಸ್ತಕ ಪೆನ್ಸಿಲಿನಲ್ಲಿ ಇರಕೂಡದು. ತಪ್ಪಿದ ಅಂಕಿಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು, ಅಳಿಸುವಂತಿಲ್ಲ. ಮದುವೆಗೆ ಹೋದುದರಿಂದ ಎರಡು ದಿನದ ಓದು ತಪ್ಪಿದ್ದರೆ "ಓದಿಲ್ಲ" ಎಂದೇ ಬರೆಯಬೇಕು. ಖಾಲಿ ಜಾಗವನ್ನು ಊಹೆಯಿಂದ ತುಂಬಿದ ಪುಸ್ತಕ ನೋಡಲು ಅಂದವಾಗಿರುತ್ತದೆ, ಪ್ರದರ್ಶನದಲ್ಲಿ ಬಹುಮಾನವೂ ಬರಬಹುದು. ಆದರೆ ಅಂತಹ ಅಂಕಿಗಳನ್ನು ನಂಬಿ ಕೆರೆಯ ನೀರನ್ನು ಬಿಟ್ಟರೆ ಮೇ ಕೊನೆಗೆ ಒಣಗಿದ ತೊಟ್ಟಿಯ ಮುಂದೆ ನಿಲ್ಲುವುವು ದನಗಳು. ನೆರಳು ಕಟ್ಟಿದರೂ ಆವಿ ಕಡಿಮೆಯಾಗಲಿಲ್ಲ, ಕೆಮ್ಮಣ್ಣಿನಿಂದ ಮೊಳಕೆ ಹೆಚ್ಚಲಿಲ್ಲ ಎಂಬ ಫಲಿತಾಂಶ ಬಂದರೆ ಅದನ್ನು ಹಾಗೆಯೇ ಒಪ್ಪಿಸಬೇಕು. ನಿರೀಕ್ಷಿಸಿದ್ದು ಬರಲಿಲ್ಲವೆಂದು ಅಂಕ ಕಡಿಮೆ ಮಾಡುವ ಶಿಕ್ಷಕರು ಮುಂದಿನ ವರ್ಷ ಸುಳ್ಳು ಅಂಕಿಗಳನ್ನು ತಾವೇ ಕೇಳಿ ಪಡೆದಂತೆ.

ವಿಷಯವನ್ನು ಗೊತ್ತುಮಾಡಿಕೊಳ್ಳಲು ರಜೆಯ ಮೊದಲ ವಾರವನ್ನು ಮೀಸಲಿಡಬಹುದು. ಆ ವಾರ ಪ್ರಶ್ನೆಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು; ಅದರ ನಂತರ ಬದಲಾಯಿಸಕೂಡದು. ಬಿಸಿಲಿನ ದಿನಗಳಲ್ಲಿ ಓದುಗಳು ಬೆಳಿಗ್ಗೆ ಮತ್ತು ಸಂಜೆಗೆ ಸೀಮಿತವಾಗಿರಲಿ. ನಡುಹಗಲಿನ ನೆರಳಿನ ಅಳತೆಗೆ ಹತ್ತು ನಿಮಿಷ ಸಾಕು. ತೆರೆದ ಬಾವಿ, ಕೆರೆಯ ಅಂಚು, ಕಲ್ಲುಕ್ವಾರಿಗಳ ಬಳಿಗೆ ಹಿರಿಯರಿಲ್ಲದೆ ಹೋಗಬೇಕಾದ ಪ್ರಶ್ನೆಯನ್ನು ಎಷ್ಟೇ ಆಕರ್ಷಕವಾಗಿದ್ದರೂ ಕೈಬಿಡತಕ್ಕದ್ದು. ವರದಿ ನಾಲ್ಕು ಪುಟ ಮೀರಬೇಕಾಗಿಲ್ಲ: ಪ್ರಶ್ನೆ, ಅಳೆದ ಬಗೆ, ಅಂಕಿಗಳ ಪಟ್ಟಿ, ಕಂಡದ್ದು, ಸಂದೇಹ ಉಳಿದದ್ದು. ಒಂದು ಪ್ರತಿ ಶಾಲೆಗೆ, ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ. ಬೋಗುಣಿ, ಮೊಳೆ ಮತ್ತು ಅಳತೆಯ ಪುಸ್ತಕವನ್ನು ಶಾಲೆಯ ಬೀರುವಿನಲ್ಲಿಯೇ ಇರಿಸಿ, ಬೋಗುಣಿ ಇದ್ದ ಸ್ಥಳವನ್ನು ಅಂಗಳದಲ್ಲಿ ಸುಣ್ಣದಿಂದ ಗುರುತು ಮಾಡಿ, ಕಟ್ಟಡದ ಗೋಡೆಯಿಂದ ಎಷ್ಟು ಮೀಟರ್ ದೂರವೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ, ಮುಂದಿನ ಏಪ್ರಿಲ್‌ನಲ್ಲಿ ಬರುವ ವಿದ್ಯಾರ್ಥಿಗಳು ಅದೇ ಜಾಗದಿಂದ ಎರಡನೆಯ ವರ್ಷದ ಅಂಕಿಗಳನ್ನು ಆರಂಭಿಸಬಹುದು.